ಊಸರವಳ್ಳಿಗೆ ಗ್ಲೂಕೋಸ್ ಸೆಟ್: ಎರಡು ಮಳೆಗಾಲ ಬಳಸಿದ ಮೇಲೆ

ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಐ.ವಿ. ಸೆಟ್, ಊರ ಬಾಯಲ್ಲಿ ಗ್ಲೂಕೋಸ್ ಟ್ಯೂಬು. 80 ರೂಪಾಯಿಯ ಈ ವಸ್ತು ಸಾಕಿದ ಊಸರವಳ್ಳಿಗೆ ನೀರು ಹನಿಸಲು ಇಷ್ಟು ಚೆನ್ನಾಗಿ ಒದಗುತ್ತದೆಂದು ಅದನ್ನು ಮಾಡಿದವರೂ ಎಣಿಸಿರಲಿಕ್ಕಿಲ್ಲ. ಇದೇ ಕೆಲಸಕ್ಕೆಂದು ಆನ್‌ಲೈನಿನಲ್ಲಿ ಬರುವ ವಿದೇಶಿ ಡ್ರಿಪ್ಪರಿಗೆ ಸಾವಿರದ ಮೇಲೆ ಕೊಡಬೇಕು, ಅದರ ನಲ್ಲಿಯಲ್ಲಿ ಹನಿ ಬೀಳುವುದನ್ನು ನೋಡಿ ಎಣಿಸುವ ಪಾರದರ್ಶಕ ಹನಿಗೂಡು ಕೂಡ ಇರುವುದಿಲ್ಲ. ಎರಡು ವರ್ಷದಲ್ಲಿ ತಲೆ ತಿಂದದ್ದು ಸೆಟ್ಟಿನ ಒಂದೇ ಭಾಗ: ಹೆಬ್ಬೆರಳಲ್ಲಿ ತಿರುಗಿಸುವ ಆ ಚಕ್ರ, ರೋಲರ್. ಅದರ ಕತೆಗೆ ಆಮೇಲೆ ಬರುತ್ತೇನೆ.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಯೆಮನ್ ಮತ್ತು ಸೌದಿಯ ನೈರುತ್ಯ ಮೂಲೆಯಿಂದ ಬಂದ ವೇಲ್ಡ್ ಜಾತಿಯ ಊಸರವಳ್ಳಿಯ ಬಗ್ಗೆ. ನಮ್ಮ ತೋಟದ ಬೇಲಿಯಲ್ಲಿ ಸಿಗುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ತಂದರೆ ಅಪರಾಧ. ವಿದೇಶಿ ಜಾತಿಯಾದರೂ ಸುಮ್ಮನೆ ಸಾಕುವಂತಿಲ್ಲ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಿರಬೇಕು. ಕಾಗದ ಇಲ್ಲದೆ ಮಾರುವವರ ಹತ್ತಿರ ಹೋಗಲೇಬೇಡಿ.

ಬಟ್ಟಲಲ್ಲಿ ನಿಂತ ನೀರನ್ನು ಊಸರವಳ್ಳಿ ಮೂಸಿಯೂ ನೋಡುವುದು ಅಪರೂಪ. ಎಲೆಯ ಮೇಲೆ ಮಿನುಗುತ್ತಾ ಜಾರುವ ಹನಿ ಕಂಡರೆ ಮಾತ್ರ ಅದಕ್ಕೆ ನೀರಿನ ನೆನಪಾಗುವುದು. ಹಾಗಾಗಿ ಹನಿ ಬೇಕು, ನಿಧಾನವಾಗಿ ಬೇಕು, ದಿನವೂ ಅದೇ ಜಾಗದಲ್ಲಿ ಬೇಕು.

ಸೆಟ್ ಕೊಳ್ಳುವಾಗ ಎರಡು ಸಂಗತಿ ನೋಡಿ. ಪ್ಯಾಕೆಟಿನ ಮೇಲೆ 1 ಮಿ.ಲೀ.ಗೆ 20 ಹನಿ ಎಂದಿರಬೇಕು. ಮಕ್ಕಳಿಗೆ ಬಳಸುವ 60 ಹನಿಯ ಸೆಟ್ಟಿನಲ್ಲಿ ಹನಿ ತೀರಾ ಚಿಕ್ಕದು, ಎಣಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಎರಡನೆಯದು, ಬಾಟಲಿಗೆ ಚುಚ್ಚುವ ಮೊಳೆಯ ಪಕ್ಕದಲ್ಲಿ ಮುಚ್ಚಳವಿರುವ ಗಾಳಿಕಿಂಡಿ. ಅದಿಲ್ಲದಿದ್ದರೆ ಬಾಟಲಿಯೊಳಗೆ ಗಾಳಿ ಹೋಗದೆ ಹತ್ತು ನಿಮಿಷದಲ್ಲಿ ಹನಿ ನಿಲ್ಲುತ್ತದೆ. ಹೊಸ, ಸೀಲ್ ಒಡೆಯದ ಸೆಟ್ಟೇ ಆಗಬೇಕು. ಆಸ್ಪತ್ರೆಯಿಂದ ಉಳಿದು ಬಂದದ್ದು ಬೇಡ. ಜತೆಗೆ ಬರುವ ಸೂಜಿಯನ್ನು ಮುಚ್ಚಳ ಸಮೇತ ತೆಗೆದು ಬೇರೆ ಇಡಿ, ಗೂಡಿನ ಹತ್ತಿರ ಅದರ ಕೆಲಸ ಏನೂ ಇಲ್ಲ.

‘ಅಡಿಕೆ ತೋಟದ ಡ್ರಿಪ್ಪರ್ ಇಷ್ಟು ಬಿದ್ದಿರುವಾಗ ಇದೆಲ್ಲ ಎಂತಕ್ಕೆ?’ ಎಂಬ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಎಂದರೆ ನಿಮಿಷಕ್ಕೆ 66 ಮಿ.ಲೀ. ಅದು ಹನಿಯಲ್ಲ, ಧಾರೆ. ಅದೂ ಪಂಪಿನಿಂದ ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋ ಒತ್ತಡ ಬಂದರೆ. ಒಂದು ಮೀಟರ್ ಎತ್ತರಕ್ಕೆ ತೂಗುಹಾಕಿದ ಬಾಟಲಿ ಕೊಡುವುದು ಅದರ ಹತ್ತನೇ ಒಂದು ಪಾಲು. ಅಷ್ಟರಲ್ಲಿ ಡ್ರಿಪ್ಪರ್ ಒಂದು ದಿನ ಸುರಿಯುತ್ತದೆ, ಇನ್ನೊಂದು ದಿನ ಮುನಿಸಿಕೊಳ್ಳುತ್ತದೆ. ಐ.ವಿ. ಸೆಟ್ಟಿನಲ್ಲಿ ನಿಮಿಷಕ್ಕೆ 30 ಹನಿ ಇಟ್ಟರೆ ಒಂದೂವರೆ ಮಿ.ಲೀ., ಗಂಟೆಗೆ 90 ಮಿ.ಲೀ. ದೊಡ್ಡ ಪ್ರಾಣಿಗೂ ಬೆಳಗ್ಗಿನ ಪಾಳಿಗೆ ಇದು ಧಾರಾಳ. ಕುಡಿಯುವುದು ಅದರಲ್ಲಿ ಸ್ವಲ್ಪವೇ, ಉಳಿದದ್ದು ಕೆಳಗೆ.

ಬಾಟಲಿಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ಕಟ್ಟಿದರೆ ನೀರು ತುಂಬುವುದು ಸುಲಭ, ನಿಜ. ಆದರೆ ನೀರಿನ ಮಟ್ಟ ಇಳಿದಂತೆ ಒತ್ತಡವೂ ಇಳಿದು, ತುಂಬಿದಾಗ 30 ಇದ್ದ ಹನಿ ಕೊನೆಗೆ 20ಕ್ಕೆ ಬರುತ್ತದೆ. ತಳ ಕತ್ತರಿಸದೆ, ಮುಚ್ಚಳಕ್ಕೆ ಮೊಳೆ ಚುಚ್ಚಿ ಮಗುಚಿ ಹಾಕಿದ ಬಾಟಲಿಯಲ್ಲಿ ಗಾಳಿ ಮೊಳೆಯ ತುದಿಯಿಂದಲೇ ಗುಳುಗುಳು ಒಳಗೆ ಹೋಗುವುದರಿಂದ ಅಲ್ಲಿನ ಒತ್ತಡ ಯಾವಾಗಲೂ ಹೊರಗಿನಷ್ಟೇ. ಬಾಟಲಿ ತುಂಬಿರಲಿ, ಕಾಲು ಭಾಗವಿರಲಿ, ಹನಿಯ ವೇಗ ಒಂದೇ. ಮುಚ್ಚಳಕ್ಕೆ 5 ಮಿ.ಮೀ. ಡ್ರಿಲ್ಲಿನಲ್ಲಿ ತೂತು ಹಾಕಿ ಮೊಳೆಯನ್ನು ಒತ್ತಿ ತೂರಿಸಿದರೆ ಅಂಟು ಬೇಡ. ತೂತು ದೊಡ್ಡದಾದರೆ ಮುಚ್ಚಳವನ್ನೇ ಬದಲಿಸಿ.

ಬಾಟಲಿ ದಪ್ಪ ಪ್ಲಾಸ್ಟಿಕ್ಕಿನದ್ದಾಗಿರಲಿ, 200 ಮಿ.ಲೀ.ಗಿಂತ ದೊಡ್ಡದು ಬೇಡ. ದೊಡ್ಡ ಬಾಟಲಿಯಲ್ಲಿ ನೀರು ಕಡಿಮೆ, ಗಾಳಿ ಹೆಚ್ಚಿದ್ದಾಗ ಬಿಸಿಲು ತಾಗಿದರೆ ಗಾಳಿ ಹಿಗ್ಗಿ ನೀರನ್ನು ಕೆಳಗೆ ನೂಕುತ್ತದೆ, ಹನಿ ಓಡತೊಡಗುತ್ತದೆ. ಖಾಲಿ ಗ್ಲೂಕೋಸ್ ಬಾಟಲಿಯನ್ನೇ ಬಳಸುವ ಆಸೆಯೂ ಬೇಡ. ಸಕ್ಕರೆಯ ಅಂಶ ಒಂದಿಷ್ಟು ಉಳಿದರೂ ಸಾಕು, ಟ್ಯೂಬಿನಲ್ಲಿ ಲೋಳೆ, ಹೊರಗೆ ಇರುವೆ ಸಾಲು.

ಇನ್ನು ರೋಲರ್. ಬೆಳಿಗ್ಗೆ 30 ಹನಿಗೆ ಕೂರಿಸಿ ಅಂಗಳ ಗುಡಿಸಿ ಬರುವಷ್ಟರಲ್ಲಿ 18. ಸರಿಮಾಡಿ ಹೋದರೆ ಮಧ್ಯಾಹ್ನ 45. ಕೆಟ್ಟ ಸೆಟ್ ಬಂತೆಂದು ಬೇರೆ ಬೇರೆ ಕಂಪನಿಯ ಐದು ಸೆಟ್ ಬದಲಿಸಿದ್ದಾಯಿತು, ಎಲ್ಲದರದ್ದೂ ಅದೇ ಹಾಡು. ತಪ್ಪು ಕಂಪನಿಯದ್ದಲ್ಲ. ಟ್ಯೂಬು ಮೆದು ಪಿ.ವಿ.ಸಿ. ಚಕ್ರ ಅದನ್ನು ಒತ್ತಿ ಹಿಡಿದಲ್ಲಿ ಪ್ಲಾಸ್ಟಿಕ್ ಕೂಡಲೇ ಸುಮ್ಮನಾಗುವುದಿಲ್ಲ. ಅರ್ಧ ಗಂಟೆಯವರೆಗೂ ನಿಧಾನವಾಗಿ ಹರಡುತ್ತಾ, ಒಳಗಿನ ಸಂದಿಯನ್ನು ಬದಲಿಸುತ್ತಾ ಇರುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಟ್ಯೂಬು ಇನ್ನಷ್ಟು ಮೆದುವಾಗುವುದರಿಂದ ಬೆಳಿಗ್ಗೆಯ ಲೆಕ್ಕ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಬಂದು ಬಂದು ನೋಡುತ್ತಾರೆ, ಅಲ್ಲಿಗೆ ಸರಿ. ಊಸರವಳ್ಳಿಯ ಗೂಡಿಗೆ ನರ್ಸ್ ಎಲ್ಲಿಂದ ತರುವುದು ಮಾರಾಯ್ರೇ?

ಮೊದಲ ವರ್ಷ ಮಾಡಿದ ಉಪಾಯ ಹೀಗೆ. ಚಕ್ರವನ್ನು ವಾರಕ್ಕೊಮ್ಮೆ ಎರಡು ಇಂಚು ಸರಿಸಿ, ಒತ್ತಿ ಜಜ್ಜಿಹೋಗದ ಹೊಸ ಜಾಗದಲ್ಲಿ ಕೂರಿಸುವುದು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಬಿಗಿದು, ಆಮೇಲೆ ಬಿಡುತ್ತಾ ಬಂದು ನಿಲ್ಲಿಸುವುದು. ಹತ್ತು ನಿಮಿಷ ಕಳೆದು ಇನ್ನೊಮ್ಮೆ ಎಣಿಸುವುದು. ಇದರಿಂದ ತೊಂದರೆ ಅರ್ಧ ಕಡಿಮೆಯಾಯಿತು, ಪೂರ್ತಿ ಅಲ್ಲ.

ಪೂರ್ತಿ ಪರಿಹಾರ ಸಿಕ್ಕಿದ್ದು ಅಕ್ವೇರಿಯಂ ಅಂಗಡಿಯಲ್ಲಿ, ಮೀನಿನ ತೊಟ್ಟಿಯ ಗಾಳಿ ಪೈಪಿಗೆ ಹಾಕುವ ಚಿಕ್ಕ ಸೂಜಿ ವಾಲ್ವಿನಲ್ಲಿ. ಪ್ಲಾಸ್ಟಿಕ್ಕಿನ ಅಗ್ಗದ ನಲ್ಲಿ ಅಲ್ಲ, ಲೋಹದ್ದು, ತಿರುಪು ನಾಲ್ಕೈದು ಸುತ್ತು ತಿರುಗುವಂಥದ್ದು. ಟ್ಯೂಬನ್ನು ಊಸರವಳ್ಳಿಯ ಗೂಡಿನಿಂದ ಒಂದಡಿ ಮೇಲೆ ಕತ್ತರಿಸಿ, ತುದಿಯನ್ನು ಅರ್ಧ ನಿಮಿಷ ಬಿಸಿನೀರಲ್ಲಿ ಅದ್ದಿದರೆ ವಾಲ್ವಿನ ಮೂತಿಗೆ ಹಿಗ್ಗಿ ಕೂರುತ್ತದೆ, ತಣಿದ ಮೇಲೆ ಬಿಗಿ. ರೋಲರನ್ನು ಪೂರ್ತಿ ಬಿಟ್ಟು, ಹನಿಯನ್ನು ವಾಲ್ವಿನಲ್ಲೇ ಹೊಂದಿಸಬೇಕು. ಲೋಹ ಹರಡುವುದಿಲ್ಲ, ಹಾಗಾಗಿ 30 ಇಟ್ಟದ್ದು 30 ಆಗಿಯೇ ಇರುತ್ತದೆ. ಸಂದು ಕಿರಿದಾದ ಕಾರಣ ಕಸ ಮಾತ್ರ ಬೇಗ ಸಿಕ್ಕಿಕೊಳ್ಳುತ್ತದೆ.

ಹನಿ ಹೆಚ್ಚಾದರೂ ಕೆಡದಿರಲು ಇನ್ನೊಂದು ಭದ್ರತೆ ಇದೆ, ಅದಕ್ಕೆ ಖರ್ಚೇ ಇಲ್ಲ. ಅಳೆದು ತುಂಬುವುದು. ಗಂಟೆಗೆ 90 ಬೇಕಾದರೆ ಬಾಟಲಿಗೆ 90 ಮಿ.ಲೀ. ಮಾತ್ರ. ವಾಲ್ವ್ ಕೈಕೊಟ್ಟರೂ ಅದಕ್ಕಿಂತ ಹೆಚ್ಚು ಸುರಿಯುವುದು ಸಾಧ್ಯವಿಲ್ಲ.

ಈ ಬೆಳಗಿನ ಕೆಲಸದಲ್ಲಿ ಒಂದು ಸುಖವಿದೆ. ಬಾಟಲಿ ಮಗುಚಿ ತೂಗುಹಾಕಬೇಕು. ಹನಿಗೂಡನ್ನು ಎರಡು ಬೆರಳಲ್ಲಿ ಹಿಚುಕಿ ಬಿಟ್ಟರೆ ನೀರು ಅರ್ಧಕ್ಕೆ ಏರುತ್ತದೆ. ಪೂರ್ತಿ ತುಂಬಿಸಿದರೆ ಹನಿ ಬೀಳುವುದು ಕಾಣದು. ಟ್ಯೂಬಿನ ತುದಿಯನ್ನು ಚೊಂಬಿಗೆ ಬಿಟ್ಟು ಒಳಗಿನ ಗುಳ್ಳೆಗಳನ್ನೆಲ್ಲ ಓಡಿಸಬೇಕು, ಒಂದು ಗುಳ್ಳೆ ಉಳಿದರೂ ಹರಿವು ತಡೆಯುತ್ತದೆ. ಆಮೇಲೆ ಗಡಿಯಾರ ನೋಡಿ 30 ಸೆಕೆಂಡಿಗೆ 15. ಲೆಕ್ಕ ಹನಿಗೂಡಿನಲ್ಲೇ ಆಗಬೇಕು, ಟ್ಯೂಬಿನ ತುದಿಯಲ್ಲಿ ಹನಿ ದಪ್ಪವಾಗಿ ತೂಗುವುದರಿಂದ ಅಲ್ಲಿ ಎಣಿಸಿದರೆ ಕಡಿಮೆ ಸಿಗುತ್ತದೆ. ಮೂರನೇ ನಿಮಿಷಕ್ಕೆ ಕೊಂಬೆಯ ಆ ತುದಿಯಲ್ಲಿ ಒಂದು ಕಣ್ಣು ಇತ್ತ ತಿರುಗುತ್ತದೆ, ಇನ್ನೊಂದು ನಮ್ಮ ಮೇಲೆಯೇ. ಹತ್ತನೇ ನಿಮಿಷಕ್ಕೆ ತೂಗಾಡುತ್ತಾ ಬಂದು, ಎಲೆಗೆ ಬಾಯಿ ಒತ್ತಿ ನೀರು ಹೀರುತ್ತದೆ. ಎದುರು ನಿಂತು ದಿಟ್ಟಿಸಿದರೆ ಕುಡಿಯದು. ಚಾವಡಿಯ ಬಾಗಿಲ ಮರೆಯಿಂದ ನೋಡಬೇಕು.

ಹನಿ ಬೀಳುವ ಎಲೆ ಮುಖ್ಯ. ದಾಸವಾಳ ಒಳ್ಳೆಯದು, ಹಲ್ಲುಹಲ್ಲಾದ ಅಂಚಿನಲ್ಲಿ ಹನಿ ಕ್ಷಣ ನಿಂತು ಹೊಳೆಯುತ್ತದೆ. ಪ್ರಾಣಿ ಎಲೆ ಕಚ್ಚಿದರೂ ಹೆದರಿಕೆ ಇಲ್ಲ, ಔಷಧಿ ಹೊಡೆಯದ ಗಿಡವಾಗಿದ್ದರೆ. ಕೆಸುವಿನ ಎಲೆ ಪತ್ರೊಡೆಗೇ ಇರಲಿ, ಅದರ ಮೇಲೆ ನೀರು ನಿಲ್ಲದೆ ಮುತ್ತಿನಂತೆ ಉರುಳಿ ನೆಲ ಸೇರುತ್ತದೆ. ಟ್ಯೂಬಿನ ತುದಿ ಎಲೆಯಿಂದ ನಾಲ್ಕು ಬೆರಳು ಮೇಲಿರಲಿ, ಪ್ರಾಣಿ ಮೈ ಕಾಯಿಸಲು ಹಾಕಿದ ಬಿಸಿ ಬಲ್ಬಿನ ಎದುರು ಮೂಲೆಯಲ್ಲಿರಲಿ. ಕಾದ ಬಲ್ಬಿಗೆ ಒಂದು ಹನಿ ಸಿಡಿದರೂ ಗಾಜು ಒಡೆಯಬಹುದು.

ನೀರಿನ ಬಗ್ಗೆ ಕಾಸರಗೋಡಿನವರಿಗೆ ಬೇರೆಯೇ ತಲೆನೋವು. ಮುರಕಲ್ಲಿನ ಬಾವಿಯ ನೀರು ಮೆದು, ಸುಣ್ಣ ಕಟ್ಟುವುದಿಲ್ಲ, ಆದರೆ ಎಷ್ಟೋ ಕಡೆ ಕಬ್ಬಿಣದ ಅಂಶವಿದೆ. ರಾತ್ರಿ ಕೊಡಪಾನದಲ್ಲಿ ಇಟ್ಟರೆ ತಳದಲ್ಲಿ ಕೆಂಪು ಮಡ್ಡಿ ಕೂರುವ ನೀರಾದರೆ, ಅದೇ ಮಡ್ಡಿ ಹನಿಗೂಡಿನ ತಳದ ಜಾಲರಿಯನ್ನೂ ವಾಲ್ವನ್ನೂ ಕಟ್ಟುತ್ತದೆ. ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಹಳೆ ಪಂಚೆಯ ನಾಲ್ಕು ಪದರದಲ್ಲಿ ಸೋಸಿದರೆ ಸಾಕು. ಬೇಸಗೆಯಲ್ಲಿ ಉಪ್ಪು ಬರುವ ಕರಾವಳಿ ಕಡೆಯ ಬಾವಿಯ ನೀರು ಬೇಡವೇ ಬೇಡ. ಪೈಪಿನ ನೀರಾದರೆ ಕ್ಲೋರಿನ್ ಹೋಗಲು ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ. ವಾರಕ್ಕೊಮ್ಮೆ ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಟ್ಯೂಬಿನಲ್ಲಿ ತುಂಬಿ ಗಂಟೆ ಬಿಟ್ಟು, ಶುದ್ಧ ನೀರು ಮೂರು ಸಲ ಹರಿಸಿದರೆ ಕೆಂಪು ಹೋಗುತ್ತದೆ. ಹಸಿರು ಪಾಚಿಗೆ ಅದು ಸಾಲದು. ಟ್ಯೂಬಿಗೆ ಕಪ್ಪು ಬಟ್ಟೆ ಸುತ್ತಿ ಬೆಳಕು ತಪ್ಪಿಸಬೇಕು, ಆರು ವಾರಕ್ಕೊಮ್ಮೆ ಸೆಟ್ಟನ್ನೇ ಎಸೆಯಬೇಕು. 80 ರೂಪಾಯಿಯ ಅನುಕೂಲ ಇದೇ.

ಮಳೆಗಾಲದಲ್ಲಿ ಲೆಕ್ಕ ತಿರುವುಮುರುವು. ಜೂನ್‌ನಿಂದ ಗಾಳಿಯೇ ಒದ್ದೆ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆಗ ಸ್ಪ್ರೇ ಮಾಡುವುದನ್ನು ನಿಲ್ಲಿಸಿ ಹನಿಯನ್ನು ಮಾತ್ರ ಬೆಳಿಗ್ಗೆ ಅರ್ಧ ಗಂಟೆ, 45 ಮಿ.ಲೀ.ಗೆ ಇಳಿಸಬೇಕು. ಎಲೆಗಳು ಮಧ್ಯಾಹ್ನದೊಳಗೆ ಒಣಗದಿದ್ದರೆ ಚರ್ಮಕ್ಕೂ ಶ್ವಾಸಕ್ಕೂ ರೋಗ ಹಿಡಿಯುತ್ತದೆ, ಸರೀಸೃಪ ನೋಡುವ ಪಶುವೈದ್ಯರನ್ನು ಹುಡುಕಿ ಮಂಗಳೂರಿಗೆ ಓಡಬೇಕಾಗುತ್ತದೆ. ಬೇಸಗೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಬೆಳಕಿರುವಾಗಲೇ ಇಪ್ಪತ್ತು ನಿಮಿಷ. ಹೆಚ್ಚೋ ಕಡಿಮೆಯೋ ಎಂದು ಹಿಕ್ಕೆಯೇ ಹೇಳುತ್ತದೆ: ಜತೆಗೆ ಬರುವ ಗಟ್ಟಿ ಮೂತ್ರದ ಭಾಗ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಗುಳಿ ಬಿದ್ದರೆ ನೀರು ಸಾಲುತ್ತಿಲ್ಲ.

ಕೆಳಗೆ ಬಿದ್ದ ನೀರಿಗೆ ಅಡಿಕೆ ಹಾಳೆಯನ್ನು ದೋಣಿಯಂತೆ ಇಟ್ಟು ನೋಡಿದ್ದಾಯಿತು. ಚಂದವೇನೋ ಇತ್ತು, ವಾರದಲ್ಲಿ ಬೂಸು ಹಿಡಿಯಿತು. ಈಗ ಇಳಿಜಾರಾಗಿಟ್ಟ ಪ್ಲಾಸ್ಟಿಕ್ ಟ್ರೇ, ಅದರ ಮೂಲೆಯ ತೂತಿನಿಂದ ಪೇಂಟಿನ ಹಳೆ ಬಕೆಟಿಗೆ ಪೈಪು. ಬಕೆಟನ್ನು ಎರಡು ದಿನಕ್ಕೊಮ್ಮೆ ಬಸಳೆ ಬುಡಕ್ಕೆ ಸುರಿಯದಿದ್ದರೆ ಸೊಳ್ಳೆ ಮರಿ ಏಳುತ್ತದೆ. ಗೂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ, ಚಿಗಳಿ ಇರುವೆ ಹತ್ತದಂತೆ. ಆ ಬಟ್ಟಲಿನ ನೀರನ್ನೂ ಬದಲಿಸಬೇಕು, ಅದನ್ನು ಮರೆಯುವವರೇ ಹೆಚ್ಚು.

ಕರೆಂಟು ಹೋದರೂ ನಿಲ್ಲದಿರುವುದು ಇದರ ದೊಡ್ಡ ಗುಣ. ಟೈಮರ್ ಇಟ್ಟ ಮಂಜಿನ ಯಂತ್ರ ಗುಡುಗಿನ ಮೊದಲ ದಿನವೇ ಕೈ ಎತ್ತುತ್ತದೆ. ಆದರೆ ಟೈಮರ್ ಇಲ್ಲ, ದಿನವೂ ಮನೆಯಲ್ಲಿ ಯಾರಾದರೂ ಬಾಟಲಿ ತುಂಬಲೇಬೇಕು. ಎರಡು ದಿನ ಮದುವೆಗೆ ಹೋಗುವವರಿಗೆ ಇದು ಹೇಳಿದ್ದಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ, ವಾಲ್ವ್ ಸೇರಿಸಿದ ಮೇಲೆ. ರೋಲರ್ ಒಂದನ್ನೇ ನಂಬಿದರೆ ಎರಡೂವರೆ. ಅದು ಈಗಲೂ ಟ್ಯೂಬಿನಲ್ಲೇ ಇದೆ, ಪೂರ್ತಿ ಬಿಟ್ಟು ಇಟ್ಟದ್ದು. ಬಾಟಲಿ ತುಂಬುವಾಗ ನೀರು ಅಂಗಿಗೆ ಸುರಿಯದಂತೆ ಮುಚ್ಚಲು ಮಾತ್ರ ಉಪಯೋಗ.