ಎಡ್ಮಂಟನ್ ಹಾಳೆ: ಒಂಬತ್ತು ಸಾಲಲ್ಲಿ ಬಾಧೆ ಹೇಳಿಕೊಳ್ಳುವ ಬಗೆ

ಉಪಶಾಮಕ ಆರೈಕೆಯಲ್ಲಿರುವ, ಅಂದರೆ ಗಂಭೀರ ಕಾಯಿಲೆಯ ಬಾಧೆ ತಗ್ಗಿಸುವ ಆರೈಕೆ ಪಡೆಯುತ್ತಿರುವ ರೋಗಿಯನ್ನು ವೈದ್ಯರು "ಹೇಗಿದ್ದೀರಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಪರವಾಗಿಲ್ಲ". ನೋವು, ವಾಕರಿಕೆ, ಭಯ ಎಲ್ಲವೂ ಆ ಒಂದು ಮಾತಿನಡಿ ಮುಚ್ಚಿಹೋಗುತ್ತವೆ. ಇವನ್ನು ಬಿಡಿಬಿಡಿಯಾಗಿ ಕೇಳಲೆಂದೇ 1991ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವೈದ್ಯ ಎಡ್ವಾರ್ಡೊ ಬ್ರೂಯೆರಾ ಮತ್ತು ಸಂಗಡಿಗರು ಒಂದು ಹಾಳೆ ರೂಪಿಸಿದರು. ಈಗಿನ ಪರಿಷ್ಕೃತ ರೂಪದಲ್ಲಿ ನೋವು, ಸುಸ್ತು, ಮಂಪರು, ವಾಕರಿಕೆ, ಹಸಿವಿಲ್ಲದಿರುವುದು, ಏದುಸಿರು, ಖಿನ್ನತೆ, ಆತಂಕ, ಒಟ್ಟಾರೆ ಕ್ಷೇಮ ಎಂಬ ಒಂಬತ್ತು ಸಾಲುಗಳಿವೆ. ಹತ್ತನೆಯ ಸಾಲು ಖಾಲಿ. ಪ್ರತಿಯೊಂದಕ್ಕೂ 0ರಿಂದ 10ರವರೆಗೆ ಒಂದು ಅಂಕಿ ಗುರುತಿಸಬೇಕು: 0 ಎಂದರೆ ಬಾಧೆಯೇ ಇಲ್ಲ, 10 ಎಂದರೆ ತೀರಾ ಹೆಚ್ಚು. ಬಹಳ ದಣಿದವರೂ ಕೆಲವೇ ನಿಮಿಷದಲ್ಲಿ ಮುಗಿಸಬಹುದು. ಇದರ ದೊಡ್ಡ ಗುಣ ಅದೇ.

ದೊಡ್ಡ ಕೊರತೆ "ಈಗ" ಎಂಬ ಪದದಲ್ಲಿದೆ. ಹಾಳೆ ಕೇಳುವುದು ಈ ಕ್ಷಣದ ಬಾಧೆಯನ್ನು. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರು ಕುರ್ಚಿಯಲ್ಲಿ ಅಲುಗಾಡದೆ ಕೂತು 3 ಎಂದು ಬರೆಯುತ್ತಾರೆ. ರಾತ್ರಿ ಮಗ್ಗುಲು ಬದಲಿಸುವಾಗ ಅದೇ ನೋವು 8. 3 ನೋಡಿದ ವೈದ್ಯರು ಔಷಧಿ ಹಾಗೇ ಮುಂದುವರಿಸುತ್ತಾರೆ. ಆದ್ದರಿಂದ ಅಂಕಿಯ ಪಕ್ಕದಲ್ಲೇ "ಕೂತಾಗ 3, ಹೊರಳಿದಾಗ 8, ಹತ್ತು ನಿಮಿಷ ಇರುತ್ತದೆ" ಎಂದು ಬರೆಯಿರಿ. ಇದರಿಂದ ಚಿಕಿತ್ಸೆಯೇ ಬದಲಾಗುತ್ತದೆ: ದಿನವಿಡೀ ಕೊಡುವ ಪ್ರಮಾಣ ಏರಿಸಿದರೆ ಮಂಪರು ಹೆಚ್ಚುತ್ತದೆ, ಸ್ನಾನಕ್ಕೋ ಡ್ರೆಸಿಂಗ್‌ಗೋ ಮುಂಚೆ ಬೇಗ ಕೆಲಸ ಮಾಡುವ ಒಂದು ಡೋಸ್ ಕೊಟ್ಟರೆ ಆ ಹೊತ್ತಿನ ನೋವನ್ನಷ್ಟೇ ತಡೆಯಬಹುದು. ಏದುಸಿರಿಗೂ ಇದೇ ಮಾತು. ಎಷ್ಟು ಹೆಜ್ಜೆ ನಡೆದರೆ ಬರುತ್ತದೆ ಎಂಬುದು ಬರಿಯ ಅಂಕಿಗಿಂತ ಹೆಚ್ಚು ಹೇಳುತ್ತದೆ.

ಕ್ಷೇಮದ ಸಾಲು ಮಾತ್ರ ನಿಜಕ್ಕೂ ದಾರಿ ತಪ್ಪಿಸುತ್ತದೆ. ಇಲ್ಲಿಯೂ 10 ಎಂದರೆ ತೀರಾ ಕೆಟ್ಟದು. ಪರೀಕ್ಷೆಯ ಅಂಕದಂತೆ ಭಾವಿಸಿ "ಚೆನ್ನಾಗಿದ್ದೇನೆ" ಎಂದು 9 ಹಾಕುವವರು ಬಹಳ. ನರ್ಸ್ ಆ ಒಂದು ಸಾಲನ್ನಾದರೂ ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಲೇಬೇಕು. ಸುಸ್ತು ಮತ್ತು ಮಂಪರು ಕೂಡ ಬೆರೆತುಹೋಗುತ್ತವೆ: ಮೈಯಲ್ಲಿ ತ್ರಾಣವಿಲ್ಲದಿರುವುದು ಸುಸ್ತು, ಮಾತಾಡುತ್ತಲೇ ಕಣ್ಣು ಎಳೆಯುವುದು ಮಂಪರು. ಎರಡನೆಯದು ತೀವ್ರ ನೋವಿಗೆ ಕೊಡುವ ಮಾರ್ಫಿನ್ ಶುರುಮಾಡಿದ ಮೊದಲ ಕೆಲವು ದಿನ ಬಂದು ಸಾಮಾನ್ಯವಾಗಿ ತಗ್ಗುತ್ತದೆ. "ಸಂಕಟ" ಎಂದಷ್ಟೇ ಹೇಳಿದರೆ ಸಾಲದು. ಹೊಟ್ಟೆ ತೊಳಸುವುದೋ, ಎದೆಯುರಿಯೋ, ಮನಸ್ಸಿನ ತಳಮಳವೋ, ಬಿಡಿಸಿ ಹೇಳಬೇಕು. ನೋವು ಉರಿಯುವಂಥದ್ದೋ, ಜುಮ್ಮೆನ್ನುವಂಥದ್ದೋ, ಶಾಕ್ ಹೊಡೆದಂತೋ ಎಂದು ಹೇಳಿದರೆ ನರದ ನೋವಿನ ಸುಳಿವು ಸಿಗುತ್ತದೆ, ಅದಕ್ಕೆ ಬೇರೆ ಔಷಧಿಗಳಿವೆ.

ಮಲಬದ್ಧತೆಗೆ ಪ್ರತ್ಯೇಕ ಸಾಲಿಲ್ಲ. ಮಾರ್ಫಿನ್ ತೆಗೆದುಕೊಳ್ಳುವವರನ್ನು ಅತಿ ಹೆಚ್ಚು ಕಾಡುವುದರಲ್ಲಿ ಅದೊಂದು, ಮಂಪರಿನಂತೆ ತಾನಾಗಿ ಹೋಗುವುದೂ ಇಲ್ಲ. ಖಾಲಿ ಸಾಲನ್ನು ಅದಕ್ಕೇ ಮೀಸಲಿಟ್ಟು, ಕೊನೆಯ ಸಲ ಯಾವ ದಿನ ಆಯಿತು ಎಂದು ಬರೆಯಿರಿ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಐಪಾಸ್ ಎಂಬ ಇಂಥದೇ ಇನ್ನೊಂದು ಪ್ರಶ್ನಾವಳಿಯಲ್ಲಿ ಮಲಬದ್ಧತೆಯೂ ಒಣಬಾಯಿಯೂ ಇವೆ. ಈ ಕ್ಷಣದ ಬದಲು ಕಳೆದ ಮೂರು ದಿನ ಅಥವಾ ಒಂದು ವಾರವನ್ನು ಕೇಳುತ್ತದೆ. ಮೊದಲ ಪ್ರಶ್ನೆಯೇ ನಿಮ್ಮ ಮುಖ್ಯ ತೊಂದರೆಗಳೇನು ಎಂಬುದು, ಅದು ಬಹಳ ಸರಿಯಾದ ಆರಂಭ. ಆದರೆ ಉದ್ದ. ಮೊದಲ ಭೇಟಿಗೆ ಮತ್ತು ಸ್ಥಿತಿ ಬದಲಾದಾಗ ಐಪಾಸ್, ನಡುವಿನ ಭೇಟಿಗಳಿಗೆ ಎಡ್ಮಂಟನ್ ಎಂದಿಟ್ಟುಕೊಂಡರೆ ಒಳ್ಳೆಯದು.

ಯಾವ ಹಾಳೆಯಾದರೂ ಮನೆಯವರೆದುರು ತುಂಬಿಸಿದರೆ ಅಂಕಿ ಕುಗ್ಗುವ ಸಂಭವವಿದೆ. ಅವರು ಕಂಗಾಲಾಗಬಾರದೆಂಬ ಕಾಳಜಿ, ಮಾರ್ಫಿನ್ ಎಂದರೆ ಕೊನೆ ಎಂಬ ತಪ್ಪು ಭಯ, ಎರಡೂ ಇರುತ್ತವೆ. ಐದು ನಿಮಿಷ ರೋಗಿಯೊಬ್ಬರನ್ನೇ ಬಿಡಿ. ಸಾಮಾನ್ಯವಾಗಿ 4 ಅಥವಾ ಹೆಚ್ಚಿದ್ದ ಸಾಲನ್ನು ವೈದ್ಯರು ವಿಚಾರಿಸಬೇಕು. ವಿಚಾರಿಸದಿದ್ದರೆ ಬೆರಳಿಟ್ಟು ತೋರಿಸಿ, "ಇದು ಎಷ್ಟಕ್ಕೆ ಇಳಿದರೆ ನಾನು ನಿದ್ದೆ ಮಾಡಬಲ್ಲೆ" ಎಂಬುದನ್ನೂ ಹೇಳಿ. ಬುದ್ಧಿ ಮಂಕಾದವರ ಪರವಾಗಿ ಮನೆಯವರು ತುಂಬಿಸುವುದಾದರೆ, ಯಾರು ತುಂಬಿಸಿದರೆಂಬ ಚೌಕ ಹಾಳೆಯಲ್ಲಿದೆ, ಅದನ್ನು ಗುರುತಿಸಿ. ಜೊತೆಗೆ ಹೊರಳಿಸುವಾಗ ಹುಬ್ಬು ಗಂಟಿಕ್ಕಿದ್ದು, ನರಳಿದ್ದು, ಕೈ ತಳ್ಳಿದ್ದು ಕಂಡಷ್ಟನ್ನೇ ಬರೆಯಿರಿ.