ಸುಸ್ತನ್ನು ಮೊದಲು ಹಿಡಿಯುವುದು ಯಾವುದು: ಪವರ್ ಮೀಟರಾ, ವಾಚಾ, ನೋಟ್‌ಬುಕ್ಕಾ?

ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್. 600 ಕಿ.ಮೀ. ಬ್ರೆವೆ ಮುಗಿಸಲು 40 ಗಂಟೆ ಸಮಯ. ಅದಕ್ಕೆ ತಯಾರಾಗುವಾಗ ರೈಡ್ ಸಾಲದು ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ. ರೆಸ್ಟ್ ಸಾಲದು ಅಂತ ಚಿಂತೆ ಮಾಡುವವರನ್ನು ನಾನಂತೂ ಕಂಡಿಲ್ಲ. ಈ ಸಲದ ತಯಾರಿಯಲ್ಲಿ ಸುಸ್ತು ಅಳೆಯುವ ಮೂರು ದಾರಿಗಳನ್ನು ಒಟ್ಟಿಗೇ ಇಟ್ಟುಕೊಂಡು ನೋಡಿದೆ.

ಪೆಡಲ್ ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಪವರ್ ಮೀಟರ್‌ನ ಲೆಕ್ಕ ಸುಲಭ. 42 ದಿನಗಳ ಸರಾಸರಿ ಶ್ರಮ ಅಂದರೆ ಫಿಟ್‌ನೆಸ್, 7 ದಿನಗಳದ್ದು ಸುಸ್ತು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಫಾರ್ಮ್, ಅಂದರೆ ಮೈ ಎಷ್ಟು ತಾಜಾ ಇದೆ ಅನ್ನುವುದು. ಮುಂದಿನ ವಾರ ಎಷ್ಟು ಓಡಿಸಬೇಕು ಅಂತ ಪ್ಲಾನ್ ಮಾಡಲು ಚೆನ್ನಾಗಿದೆ. ಆದರೆ ರಾತ್ರಿ ಹನ್ನೊಂದರವರೆಗೆ ಆಫೀಸ್ ಕಾಲ್‌ನಲ್ಲಿ ಕೂತಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ವಾಚ್‌ನ ಎಚ್‌ಆರ್‌ವಿಗೆ ಅದು ಗೊತ್ತಾಗುತ್ತದೆ. ಎದೆಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಅನ್ನುವ ಅಳತೆ ಇದು. ನಿದ್ದೆಗೆಟ್ಟರೆ, ಬಿಯರ್ ಕುಡಿದರೆ, ಜ್ವರ ಬರುವಂತಿದ್ದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ, ವಾರದ ಸರಾಸರಿ ನೋಡಿ. ಇನ್ನೊಂದು ತೊಡಕೂ ಇದೆ: ವಾರಗಟ್ಟಲೆ ಜಾಸ್ತಿ ಓಡಿಸಿ ದಣಿದಾಗ ಕೆಲವರಲ್ಲಿ ಎಚ್‌ಆರ್‌ವಿ ಇಳಿಯುವ ಬದಲು ಏರುತ್ತದೆ. ವಾಚ್ ಹಸಿರು ತೋರಿಸುತ್ತದೆ, ಕಾಲು ಒಪ್ಪುವುದಿಲ್ಲ.

ನಂದಿ ಬೆಟ್ಟದ ಏರಿನಲ್ಲಿ ನನಗೆ ಆಗಿದ್ದೂ ಅದೇ. ಎಂದಿನ ಗೇರ್, ಎಂದಿನ ವಾಟ್. 160ರ ಹತ್ತಿರ ಇರಬೇಕಾದ ಹಾರ್ಟ್ ರೇಟ್ 148 ದಾಟಲೇ ಇಲ್ಲ. "ಸಖತ್ ಫಿಟ್ ಆಗಿದ್ದೀಯ ಕಣೋ" ಅಂದ ಗೆಳೆಯ. ಫಿಟ್ ಆದವನಿಗೆ ಅದೇ ವಾಟ್ ಹಗುರ ಅನ್ನಿಸಬೇಕು ಅಲ್ವಾ? ನನಗೆ ಪ್ರತಿ ತಿರುವಿನಲ್ಲೂ ಇಳಿದುಬಿಡೋಣ ಅನ್ನಿಸುತ್ತಿತ್ತು. ಹಾರ್ಟ್ ರೇಟ್ ಕಡಿಮೆ, ಶ್ರಮವೂ ಕಡಿಮೆ ಆದರೆ ಖುಷಿಪಡಿ. ಹಾರ್ಟ್ ರೇಟ್ ಕಡಿಮೆ, ಶ್ರಮ ಜಾಸ್ತಿ ಆದರೆ ಬ್ರೇಕ್ ಹಾಕಿ.

ಈ ವ್ಯತ್ಯಾಸ ಹಿಡಿದದ್ದು ನೋಟ್‌ಬುಕ್. ರೈಡ್ ಮುಗಿದು ಅರ್ಧ ಗಂಟೆಯಾದ ಮೇಲೆ ಶ್ರಮಕ್ಕೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ಅದನ್ನು ನಿಮಿಷಗಳಿಂದ ಗುಣಿಸಿ ಬರೆಯುತ್ತೇನೆ. ಪಕ್ಕದಲ್ಲಿ ನಿದ್ದೆ, ಹಸಿವು, ಸಿಡುಕು ಅಂತ ಒಂದು ಸಾಲು. ಆ ವಾರ ಸುಲಭದ ರೈಡ್‌ಗಳಿಗೂ 6, 7 ಬಿದ್ದಿತ್ತು. "ಸುಮ್ನೆ ರೇಗಾಡ್ತೀರಿ" ಅನ್ನುವ ಹೆಂಡತಿಯ ಮಾತೂ ಅಲ್ಲೇ ಇತ್ತು. ಒಂದೇ ಕೊರತೆ, ವೀಕೆಂಡ್ ರೈಡ್ ತಪ್ಪಬಾರದು ಅನ್ನುವ ಆಸೆಯಿದ್ದರೆ ಅಂಕ ತಾನಾಗಿಯೇ ಇಳಿಯುತ್ತದೆ. ಆಗ ಬೆಳಗಿನ ಎಚ್‌ಆರ್‌ವಿ ಸಾಕ್ಷಿಗೆ ಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ನೋಟ್‌ಬುಕ್ ಮೊದಲು, ವಾಚ್ ಎರಡನೆಯದು. ಬರೀ ಸುಸ್ತು ಅಳೆಯಲು ಅಂತ ಪವರ್ ಮೀಟರ್‌ಗೆ ದುಡ್ಡು ಸುರಿಯಬೇಡಿ. ಎರಡು ವಾರ ಇಳಿಸಿ ಓಡಿಸಿದರೂ ಸುಸ್ತು ಹೋಗದಿದ್ದರೆ ಈ ಮೂರನ್ನೂ ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಓವರ್‌ಟ್ರೇನಿಂಗ್ (ಅತಿಯಾದ ತಯಾರಿಯಿಂದ ಮೈ ಚೇತರಿಸಿಕೊಳ್ಳದ ಸ್ಥಿತಿ) ಇದೆ ಅಂತ ತೋರಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಆದರೆ ಹಿಮೋಗ್ಲೋಬಿನ್, ಕಬ್ಬಿಣ, ಥೈರಾಯ್ಡ್ ತೊಂದರೆ ಇದ್ದರೆ ಅಲ್ಲಿ ಗೊತ್ತಾಗುತ್ತದೆ.