ರೀಬಾಂಡಿಂಗ್ ಬಿಟ್ಟ ಮೇಲೆ ಶಿಯಾ ಬಟರ್: ಎರಡು ವರ್ಷ ಬಳಸಿ ಬರೆಯುತ್ತಿರುವುದು

ಮೊದಲೇ ಹೇಳಿಬಿಡುತ್ತೇನೆ, ಶಿಯಾ ಬಟರ್ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) ಹಚ್ಚಿದರೆ ಕೂದಲು ಉದ್ದ ಬೆಳೆಯುವುದಿಲ್ಲ. ಡಬ್ಬಿಯ ಮೇಲೆ ಏನೇ ಬರೆದಿರಲಿ. ಕೂದಲು ಬೆಳೆಯುವುದು ಬುಡದಿಂದ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ. ಬೆಳೆದದ್ದು ಮುರಿಯದ ಹಾಗೆ ನೋಡಿಕೊಳ್ಳುವುದು ಇದರ ಕೆಲಸ. ಆ ಕೆಲಸಕ್ಕೆ ನನ್ನಿಂದ ಐದಕ್ಕೆ ನಾಲ್ಕು.

ನಾನು ಯಲ್ಲಾಪುರ ಕಡೆಯ ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು, ಕೂದಲೂ ಅಲ್ಲಿಯದೇ: ಪೆನ್ನಿನ ರಿಫಿಲ್‌ಗೆ ಸುತ್ತಿಟ್ಟ ಹಾಗೆ ಸಣ್ಣ ಸಣ್ಣ ಸುರುಳಿ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ರೀಬಾಂಡಿಂಗ್, ಅಂದರೆ ಪಾರ್ಲರ್‌ನಲ್ಲಿ ಕ್ರೀಮು ಹಚ್ಚಿ ಕೂದಲು ನೇರ ಮಾಡಿಸುವುದು, ಶುರುವಾಯಿತು. "ನೀಟಾಗಿ ಕಾಣ್ತೀರಾ ಮೇಡಂ" ಅನ್ನುತ್ತಿದ್ದರು ಪಾರ್ಲರ್‌ನವರು. ಬುಡದಲ್ಲಿ ಸುರುಳಿ ಇಣುಕಿದಾಗಲೆಲ್ಲ ಟಚಪ್. ವರ್ಷ ಕಳೆದಂತೆ ನೆತ್ತಿ ಉರಿ, ಜಡೆ ತೆಳು.

ರೀಬಾಂಡಿಂಗ್ ಕ್ರೀಮು ಕೂದಲಿನೊಳಗಿನ ಗಂಧಕದ ಬಂಧಗಳನ್ನು ಒಡೆಯುತ್ತದೆ. ಇಸ್ತ್ರಿ ಹಾಕಿ ನೇರ ಮಾಡಿ, ಮತ್ತೆ ಕೂಡಿಸುತ್ತಾರೆ. ಅಮೆರಿಕದ ಕಪ್ಪು ಹೆಂಗಸರು ತಲೆಮಾರುಗಳಿಂದ ಹಚ್ಚಿಕೊಂಡು ಬಂದ, ಕೂದಲು ನೇರ ಮಾಡುವ ರಿಲ್ಯಾಕ್ಸರ್ ಕ್ರೀಮು ಬೇರೆ. ಹಲವು ರಿಲ್ಯಾಕ್ಸರ್‌ಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಯಾವುದೇ ಆಗಲಿ, ಒಮ್ಮೆ ನೇರವಾದ ಕೂದಲು ಮತ್ತೆ ಸುರುಳಿಯಾಗುವುದಿಲ್ಲ. ಕತ್ತರಿಸಲೇಬೇಕು. ಒಂದೇ ಸಲ ಪೂರ್ತಿ ಕತ್ತರಿಸುವುದಕ್ಕೆ ಆ ಅಮೆರಿಕದ ಹೆಂಗಸರು ಬಿಗ್ ಚಾಪ್ ಅನ್ನುತ್ತಾರೆ. ನನಗೆ ಅಷ್ಟು ಧೈರ್ಯವಿರಲಿಲ್ಲ, ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬಂದೆ.

ಬಿಡುವ ಮನಸ್ಸು ಗಟ್ಟಿಯಾದದ್ದು ಹೆಂಗಸರ ಆರೋಗ್ಯದ ಮೇಲೆ ಅಮೆರಿಕದಲ್ಲಿ ನಡೆದ ಸಿಸ್ಟರ್ ಸ್ಟಡಿ ಎಂಬ ಅಧ್ಯಯನದಿಂದ. 2022ರಲ್ಲಿ ಬಂದ ಫಲಿತಾಂಶ ಇದು: ಕೂದಲು ನೇರ ಮಾಡಲು ಹಚ್ಚುವ ಕ್ರೀಮುಗಳನ್ನು ಮುಟ್ಟದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64, ಪದೇ ಪದೇ ಬಳಸಿದವರಲ್ಲಿ ಶೇ. 4.05. ಅದರಿಂದಲೇ ಬಂತು ಅಂತ ಇದು ಸಾಬೀತು ಮಾಡುವುದಿಲ್ಲ, ನಿಜ. ಆದರೂ ದುಡ್ಡು ಕೊಟ್ಟು ಯಾಕೆ ಅನ್ನಿಸಿತು.

ಈ ದಾರಿಯಲ್ಲಿ ಕಷ್ಟದ್ದು ನಡುವಿನ ಕಾಲ. ಬುಡದಲ್ಲಿ ಸುರುಳಿ, ತುದಿಯಲ್ಲಿ ನೇರ. ಎರಡೂ ಸೇರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಒಣಗಿದ್ದಾಗ ಬಾಚಿದರೆ ಅಲ್ಲೇ ಪಟಕ್ಕನೆ ಮುರಿದು, ಬಾತ್‌ರೂಮಿನ ನೆಲದ ಮೇಲೆ ಗಿಡ್ಡ ತುಂಡುಗಳು ಬಿದ್ದಿರುತ್ತವೆ. ಬುಡದಿಂದ ಉದುರಿದ್ದಲ್ಲ ಅವು. ಶಿಯಾ ಬಟರ್ ನನಗೆ ಒದಗಿದ್ದು ಇಲ್ಲಿ.

ಹಚ್ಚುವ ಕ್ರಮ ಮುಖ್ಯ, ಯಾಕೆಂದರೆ ಇದು ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ. ಒಣ ಕೂದಲಿಗೆ ಸುಮ್ನೆ ಮೆತ್ತಿದರೆ ಜಿಡ್ಡು ಮಾತ್ರ. ತಲೆ ಒದ್ದೆಯಿರುವಾಗಲೇ ಲೀವ್‌ಇನ್ ಕಂಡೀಷನರ್ (ತೊಳೆಯದೆ ಹಾಗೇ ಬಿಡುವಂಥದ್ದು) ಹಾಕಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ಆಮೇಲೆ ಕಡಲೆ ಕಾಳಿನಷ್ಟು ಬಟರ್ ಅಂಗೈಯಲ್ಲಿ ಉಜ್ಜಿದರೆ ಮೈಬಿಸಿಗೇ ಕರಗುತ್ತದೆ. ಅದನ್ನು ಸವರಿ ಎರಡೆರಡು ಎಳೆಯಾಗಿ ಹೊಸೆದು, ಸ್ಯಾಟಿನ್ ಟೋಪಿ ಹಾಕಿ ಮಲಗುತ್ತೇನೆ. ಹತ್ತಿಯ ದಿಂಬು ತೇವವನ್ನೆಲ್ಲ ಹೀರಿಬಿಡುತ್ತದೆ. ಅಜ್ಜಿಯ ಕೊಬ್ಬರಿ ಎಣ್ಣೆಯನ್ನೂ ಬಿಟ್ಟಿಲ್ಲ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ, ಹಾಗಾಗಿ ತಲೆಸ್ನಾನಕ್ಕೆ ಮುಂಚೆ ಅದು, ಆಮೇಲೆ ಇದು.

ದೂರುಗಳೂ ಇವೆ. ಕಚ್ಚಾ ಬಟರಿಗೆ ಹೊಗೆಯ ವಾಸನೆ. ಘಾನಾ, ಬುರ್ಕಿನಾ ಫಾಸೋ ಕಡೆ ಹೆಂಗಸರು ಬೀಜ ಹುರಿದು, ಅರೆದು, ಕೈಯಲ್ಲೇ ಕಡೆದು ತೆಗೆಯುತ್ತಾರೆ, ಆ ವಾಸನೆ ಹೋಗುವುದಿಲ್ಲ. ಆಫೀಸಿನಲ್ಲಿ ಪಕ್ಕದವಳು ಕೇಳಿಯೇಬಿಟ್ಟಳು. ಬೇಡವಾದರೆ ರಿಫೈನ್ಡ್ ಸಿಗುತ್ತದೆ, ಬಿಳಿ, ವಾಸನೆಯಿಲ್ಲ, ಆದರೆ ನನಗೆ ಕಚ್ಚಾದೇ ಹಿಡಿಸಿತು. ಚಳಿಗಾಲದಲ್ಲಿ ಊರಿಗೆ ಒಯ್ದರೆ ಚಮಚ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನಲ್ಲೇ ಕರಗಿ, ಮತ್ತೆ ನಿಧಾನಕ್ಕೆ ಗಟ್ಟಿಯಾಗುವಾಗ ರವೆರವೆ ಆಗುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ಕರಗಿಸಿ, ತಕ್ಷಣ ಫ್ರಿಜ್‌ನಲ್ಲಿಡಿ, ನಯವಾಗುತ್ತದೆ. ಒಂದು ಆನ್‌ಲೈನ್ ಅಂಗಡಿಯವರು ಕಚ್ಚಾ ಅಂತ ಹೇಳಿ ವಾಸನೆಯೇ ಇಲ್ಲದ್ದನ್ನು ಕಳಿಸಿದ್ದರು, ವಾಪಸ್ ತೆಗೆದುಕೊಳ್ಳಲಿಲ್ಲ. ಅರ್ಧ ಅಂಕ ಅದಕ್ಕೇ ಕಳೆದೆ, ಇನ್ನರ್ಧ ಬೆಲೆಗೆ.

ತೆಳು ಕೂದಲು, ಎಣ್ಣೆ ತಲೆ, ಹೊಟ್ಟು ಇರುವವರಿಗೆ ಇದು ಬೇಡ, ಭಾರವಾಗುತ್ತದೆ. ನಮ್ಮಂಥ ಬಿಗಿ ಸುರುಳಿಯಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದೇ ಇಲ್ಲ, ಅದಕ್ಕೇ ಒಗ್ಗುತ್ತದೆ. ಕೊನೆಯ ನೇರ ತುದಿಯನ್ನೂ ಈಚೆಗೆ ಕತ್ತರಿಸಿಯಾಯಿತು. ಮುಂದಿನ ಸಲ ದೊಡ್ಡ ಡಬ್ಬಿಯೇ ತರಿಸಬೇಕು, ತಂಗಿಯೂ ಪಾರ್ಲರ್ ಬಿಟ್ಟಿದ್ದಾಳೆ.